ಮನೆಯಲ್ಲಿ ಹೇರ್ ಡೈ ಶೇಡ್ ಬೆರೆಸುವುದು: ಯಾವ ತಲೆಗೆ ಯಾವ ದಾರಿ

ಅರ್ಧ ನರೆತ ತಲೆಗೆ ಒಂದನೇ ಸಂಖ್ಯೆಯ ಕಪ್ಪನ್ನು ಹಚ್ಚಿದರೆ ಅದು ಹಚ್ಚಿದ ಬಣ್ಣವೆಂದು ಬೀದಿಯ ಆಚೆ ಬದಿಯಿಂದಲೇ ತಿಳಿಯುತ್ತದೆ. ಅದು ಬೇಡವೆಂದು ಬ್ರೌನ್ ಹಚ್ಚಿದರೆ ಬೈತಲೆಯ ಬಿಳಿ ಎಳೆಗಳು ಬಿಸಿಲಿನಲ್ಲಿ ಕೆಂಪಗೆ ಕಾಣುತ್ತವೆ. ನಮ್ಮಲ್ಲಿ ಮನೆಯಲ್ಲೇ ಎರಡು ಶೇಡ್ ಬೆರೆಸಲು ಮನಸ್ಸು ಮಾಡುವುದಕ್ಕೆ ಸಾಮಾನ್ಯವಾದ ಕಾರಣ ಇದೇ: ಅಂಗಡಿಯ ಕಪಾಟಿನಲ್ಲಿಲ್ಲದ, ಆ ಎರಡರ ನಡುವಿನ ಬಣ್ಣವೊಂದು ಬೇಕಾಗಿರುತ್ತದೆ. ಅದನ್ನು ಪಡೆಯಲು ನಾಲ್ಕು ದಾರಿಗಳಿವೆ. ಒಂದೇ ಕಂಪನಿಯ ಎರಡು ಪೊಟ್ಟಣಗಳನ್ನು ಬೆರೆಸಬಹುದು. ಪಾರ್ಲರ್‌ಗಳಿಗೆಂದು ಮಾರುವ ಬಣ್ಣದ ಟ್ಯೂಬ್ ಮತ್ತು ಬಣ್ಣ ಹಿಡಿಯುವಂತೆ ಮಾಡುವ ಪರಾಕ್ಸೈಡ್ ದ್ರಾವಣವಾದ ಡೆವಲಪರ್‌ಗಳನ್ನು ಬಿಡಿಬಿಡಿಯಾಗಿ ತಂದು ಬೆರೆಸಬಹುದು. ಮೆಹಂದಿ ಪುಡಿಗೆ ನೀಲಿ (ಇಂಡಿಗೊ) ಗಿಡದ ಎಲೆಯ ಪುಡಿಯನ್ನು ಕೂಡಿಸಬಹುದು. ಇಲ್ಲವೇ ಡೆವಲಪರ್ ಬೇಡದ ತಾತ್ಕಾಲಿಕ ಬಣ್ಣಗಳನ್ನು ಕಂಡೀಷನರ್‌ನಲ್ಲಿ ತೆಳುವಾಗಿಸಿ ಹಚ್ಚಬಹುದು. ಈ ನಾಲ್ಕೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ಪೊಟ್ಟಣದ ಮೇಲಿನ ಚಿತ್ರವಲ್ಲ, ತಲೆಯ ಮೇಲೆ ಈಗ ಏನಿದೆ ಎಂಬ ಸಂಗತಿ.

ಆದ್ದರಿಂದ ಕೊಳ್ಳುವ ಮೊದಲು ಕನ್ನಡಿಯ ಮುಂದೆ ಹಗಲಿನ ಬೆಳಕಿನಲ್ಲಿ ನಿಂತು ಮೂರು ವಿಷಯಗಳನ್ನು ನೋಡಿಕೊಳ್ಳಬೇಕು. ಮೊದಲನೆಯದು, ಬಿಳಿ ಕೂದಲಿನ ಪ್ರಮಾಣ ಮತ್ತು ಅದು ಇರುವ ಜಾಗ. ಹಲವರಿಗೆ ಹಣೆಯಂಚಿನಲ್ಲೂ ಕಿವಿಯ ಮೇಲೂ ಪೂರ್ತಿ ಬಿಳಿಯಾಗಿದ್ದು ಹಿಂಭಾಗ ಬಹುಪಾಲು ಕಪ್ಪಾಗಿಯೇ ಇರುತ್ತದೆ. ಎರಡನೆಯದು, ಈ ಹಿಂದೆ ಹಚ್ಚಿದ್ದು ಯಾವುದು: ಕ್ರೀಮ್ ಬಣ್ಣವೋ, ಬರೀ ಮೆಹಂದಿಯೋ, ಕಪ್ಪು ಮೆಹಂದಿ ಎಂಬ ಹೆಸರಿನ ಪುಡಿಯೋ. ಮೂರನೆಯದು, ಬೇಕಾದ ಬಣ್ಣ ಈಗಿನದಕ್ಕಿಂತ ಗಾಢವೋ ತಿಳಿಯೋ. ಮೂರನೆಯ ಪ್ರಶ್ನೆಗೆ ‘ತಿಳಿ’ ಎಂಬುದು ಉತ್ತರವಾಗಿದ್ದು, ಕೂದಲಿನ ಮೇಲೆ ಹಳೆಯ ಬಣ್ಣವೂ ಇದ್ದರೆ, ಯಾವ ಮಿಶ್ರಣವನ್ನು ತಯಾರಿಸಿದರೂ ಪ್ರಯೋಜನವಿಲ್ಲ. ಹೊಸ ಬಣ್ಣ ಹಳೆಯ ಕೃತಕ ಬಣ್ಣವನ್ನು ತೆಗೆಯುವುದಿಲ್ಲ. ಬುಡದಲ್ಲಿ ಹೊಸದಾಗಿ ಬೆಳೆದ ಭಾಗ ಮಾತ್ರ ತಿಳಿಯಾಗಿ, ಉಳಿದದ್ದು ಹಾಗೆಯೇ ಉಳಿದು, ತಲೆ ಎರಡು ಬಣ್ಣವಾಗುತ್ತದೆ. ಹಳೆಯ ಬಣ್ಣವನ್ನು ತೆಗೆಯುವುದು ಅನುಭವಿಗಳ ಕೈಯಲ್ಲಿ ಆಗಬೇಕಾದ ಕೆಲಸ. ಅಂಥವರು ಮನೆಯ ಬಟ್ಟಲನ್ನು ಬದಿಗಿಟ್ಟು ಒಳ್ಳೆಯ ಪಾರ್ಲರ್ ಹುಡುಕುವುದೇ ಮೇಲು.

ಸಂಖ್ಯೆಗಳನ್ನು ಓದುವ ಬಗೆ

ಡಾರ್ಕ್ ಬ್ರೌನ್, ನ್ಯಾಚುರಲ್ ಬ್ರೌನ್ ಮುಂತಾದ ಹೆಸರುಗಳನ್ನು ನಂಬಿ ಬೆರೆಸಬಾರದು, ಏಕೆಂದರೆ ಒಂದು ಕಂಪನಿ ಡಾರ್ಕ್ ಬ್ರೌನ್ ಎಂದು ಕರೆದದ್ದನ್ನು ಇನ್ನೊಂದು ಕಂಪನಿ ಬೇರೆಯೇ ಹೆಸರಿನಿಂದ ಮಾರುತ್ತಿರುತ್ತದೆ. ಸಂಖ್ಯೆಯನ್ನು ನೋಡಬೇಕು. ದಶಮಾಂಶ ಬಿಂದುವಿನ ಹಿಂದಿನ ಅಂಕೆ ಗಾಢತೆಯನ್ನು ಹೇಳುತ್ತದೆ: 1 ಎಂದರೆ ಕಪ್ಪು, 3 ಎಂದರೆ ಕಪ್ಪಿಗೆ ಸಮೀಪದ ಗಾಢ ಕಂದು, 4 ಕಂದು, 5 ತಿಳಿ ಕಂದು, ಹೀಗೆ ಏರುತ್ತ 10ಕ್ಕೆ ಬಂದಾಗ ಅತ್ಯಂತ ತಿಳಿಯಾದ ಹೊಂಬಣ್ಣ. ನಮ್ಮವರ ಸಹಜ ಕೂದಲು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಬಿಂದುವಿನ ಮುಂದಿನ ಅಂಕೆ ಛಾಯೆಯದು. ಬಹಳಷ್ಟು ಕಂಪನಿಗಳಲ್ಲಿ .1 ಬೂದಿ ಛಾಯೆ, .3 ಹೊನ್ನಿನ ಛಾಯೆ, .4 ತಾಮ್ರ, .5 ಮಹಾಗನಿ, .6 ಕೆಂಪು, ಎರಡು ಅಂಕೆಗಳಿದ್ದರೆ ಮೊದಲನೆಯದು ಪ್ರಧಾನ, ಎರಡನೆಯದು ಗೌಣ. ಛಾಯೆಯ ಅಂಕೆಗಳು ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲವಾದ್ದರಿಂದ ಆಯಾ ಕಂಪನಿಯ ಶೇಡ್ ಕಾರ್ಡನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಬೆರೆಸಿದಾಗ ಗಾಢತೆ ಸರಾಸರಿಯ ಲೆಕ್ಕದಲ್ಲಿ ಬರುತ್ತದೆ ಎಂಬುದು ಕಾಗದದ ಮೇಲಿನ ಮಾತು. 3 ಮತ್ತು 5ನ್ನು ಸಮನಾಗಿ ಬೆರೆಸಿದರೆ 4 ಸಿಗಬೇಕು. ಆದರೆ ಗಾಢ ಶೇಡ್‌ನಲ್ಲಿ ಬಣ್ಣದ ದ್ರವ್ಯ ಬಹಳ ಹೆಚ್ಚಿರುವುದರಿಂದ ಫಲಿತಾಂಶ 3ರ ಕಡೆಗೇ ವಾಲುತ್ತದೆ. ಅಂತರ ಹೆಚ್ಚಿದಷ್ಟೂ ಈ ವಾಲುವಿಕೆ ಹೆಚ್ಚು. ಹಾಗಾಗಿ ಎರಡು ಶೇಡ್‌ಗಳ ನಡುವೆ ಎರಡು ಹಂತಕ್ಕಿಂತ ಹೆಚ್ಚಿನ ಅಂತರ ಇರಬಾರದು, ಮತ್ತು ಅನುಮಾನವಿದ್ದಾಗ ತಿಳಿ ಶೇಡ್‌ನ ಪಾಲನ್ನೇ ಹೆಚ್ಚಿಸಬೇಕು. ತಿಳಿಯಾಗಿ ಬಂದದ್ದನ್ನು ಮುಂದಿನ ಸಲ ಗಾಢ ಮಾಡಬಹುದು. ಗಾಢವಾದದ್ದನ್ನು ತಿಳಿ ಮಾಡಲಾಗದು.

ಒಂದೇ ಕಂಪನಿಯ ಎರಡು ಪೊಟ್ಟಣಗಳು

ಬಿಳಿ ಕೂದಲನ್ನು ಮರೆಮಾಡಿ ಸಹಜವಾಗಿ ಕಾಣಬೇಕೆನ್ನುವ ಹೆಚ್ಚಿನವರಿಗೆ ನಾನು ಹೇಳುವುದು ಈ ದಾರಿಯನ್ನೇ. ಡೆವಲಪರ್ ಜೊತೆಯಲ್ಲೇ ಬರುತ್ತದೆ, ಅಳತೆ ಸರಳ, ತಪ್ಪಿದರೂ ದೊಡ್ಡ ಅನಾಹುತವಿಲ್ಲ. 20 ಗ್ರಾಂ ಕ್ರೀಮ್ ಮತ್ತು 20 ಮಿ.ಲೀ. ಡೆವಲಪರ್ ಇರುವ ಸಣ್ಣ ಪೊಟ್ಟಣಗಳು ನಮ್ಮ ಕಿರಾಣಿ ಅಂಗಡಿಗಳಲ್ಲೂ ಸಿಗುವುದರಿಂದ ಎರಡು ಶೇಡ್‌ಗಳಿಗಾಗಿ ಎರಡು ದೊಡ್ಡ ಡಬ್ಬಿಗಳನ್ನು ಕೊಂಡು ಅರ್ಧ ಎಸೆಯಬೇಕಾದ ಅಗತ್ಯವೂ ಇಲ್ಲ. ಕುತ್ತಿಗೆಯವರೆಗಿನ ಕೂದಲಿಗೆ ಇಂಥ ಎರಡು ಪೊಟ್ಟಣಗಳು ಸಾಮಾನ್ಯವಾಗಿ ಸಾಕು, ಭುಜದಿಂದ ಕೆಳಗಿದ್ದರೆ ಮೂರು ನಾಲ್ಕು ಬೇಕಾಗಬಹುದು.

ಷರತ್ತು ಒಂದೇ: ಕಂಪನಿಯಷ್ಟೇ ಅಲ್ಲ, ಶ್ರೇಣಿಯೂ ಒಂದೇ ಆಗಿರಬೇಕು. ಅದೇ ಕಂಪನಿಯ ಅಮೋನಿಯಾ ಇರುವ ಕ್ರೀಮನ್ನೂ ಅಮೋನಿಯಾ ಇಲ್ಲದ ಕ್ರೀಮನ್ನೂ ಕೂಡಿಸಬಾರದು. ಅಮೋನಿಯಾ ಇಲ್ಲದವುಗಳಲ್ಲಿ ಸಾಮಾನ್ಯವಾಗಿ ಎಥನಾಲಮೀನ್ ಎಂಬ ಬೇರೆ ಕ್ಷಾರವಿರುತ್ತದೆ, ಜೊತೆಗೆ ಕೊಡುವ ಪರಾಕ್ಸೈಡ್‌ನ ಬಲವೂ ಬೇರೆ ಇರಬಹುದು. ಎರಡನ್ನೂ ಒಂದೇ ಬಟ್ಟಲಿಗೆ ಸುರಿದರೆ ಯಾವುದಕ್ಕೂ ತನ್ನ ಲೆಕ್ಕದ ಪರಿಸರ ಸಿಗುವುದಿಲ್ಲ.

ಇನ್ನು ಪಾಲುಗಳ ವಿಚಾರ. ತಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯಿದ್ದು, ಉಳಿದದ್ದು ಕಪ್ಪಾಗಿದ್ದರೆ, 3 ಮತ್ತು 4ನ್ನು ಸಮಪಾಲು ಬೆರೆಸಿದ್ದು ಹೆಚ್ಚಿನವರಿಗೆ ಹೊಂದುತ್ತದೆ. ನೆರಳಿನಲ್ಲಿ ಕಪ್ಪೆಂದೇ ಕಾಣುವ, ಬೆಳಕಿಗೆ ಬಂದಾಗ ಮೃದುವಾಗುವ ಬಣ್ಣ ಅದು. ಬಿಳಿ ಮುಕ್ಕಾಲು ಭಾಗವನ್ನು ದಾಟಿದ ಮೇಲೆ, ಅರವತ್ತರ ಆಸುಪಾಸಿನ ಮುಖಕ್ಕೆ, 4 ಎರಡು ಪಾಲು ಮತ್ತು 3 ಒಂದು ಪಾಲು ಮಾಡುವುದು ಇನ್ನೂ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬುಡದಲ್ಲಿ ಬಿಳಿ ಇಣುಕಿದಾಗಲೂ ಗೆರೆ ಎಳೆದಂತೆ ಕಾಣುವುದಿಲ್ಲ. ಕಪ್ಪೇ ಬೇಕೆಂದು ಹಟ ಹಿಡಿದವರು 1ಕ್ಕೆ ಸಮಪಾಲು 3ನ್ನು ಸೇರಿಸಲಿ. ಅದಕ್ಕಿಂತ ಕಪ್ಪಾದದ್ದು ಯಾವ ವಯಸ್ಸಿನ ಸಹಜ ಕೂದಲಿನಲ್ಲೂ ಅಪರೂಪ.

ಬರ್ಗಂಡಿಯಂಥ ಕೆನ್ನೇರಳೆ ಛಾಯೆಗಳನ್ನು ಇಷ್ಟಪಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಬಿಳಿ ಎಳೆಯಲ್ಲಿ ಸ್ವಂತ ಬಣ್ಣವಿಲ್ಲದ ಕಾರಣ ಹಚ್ಚಿದ ಛಾಯೆ ಅಲ್ಲಿ ತನ್ನ ಪೂರ್ತಿ ತೀವ್ರತೆಯಲ್ಲಿ ಕಾಣುತ್ತದೆ, ಕಪ್ಪು ಎಳೆಯ ಮೇಲೆ ಅದೇ ಛಾಯೆ ಬಿಸಿಲಿಗೆ ಹೊರತು ಗೋಚರಿಸುವುದೇ ಇಲ್ಲ. ಬಿಳಿ ಹೆಚ್ಚಿರುವ ತಲೆಗೆ ಬರೀ ಬರ್ಗಂಡಿ ಹಚ್ಚಿದಾಗ ಹಣೆಯಂಚು ಗುಲಾಬಿ ನೇರಳೆಗೆ ತಿರುಗಿ ಹಿಂಭಾಗ ಮೊದಲಿನಂತೆಯೇ ಉಳಿಯುವುದು ಈ ಕಾರಣಕ್ಕೆ. ಅರ್ಧಕ್ಕಿಂತ ಹೆಚ್ಚು ಬಿಳಿಯಿದ್ದರೆ ಅದೇ ಗಾಢತೆಯ, ಬೇರೆ ಛಾಯೆಯಿಲ್ಲದ ಸಾದಾ ಶೇಡನ್ನು ಸಮಪಾಲು ಸೇರಿಸಬೇಕು. ಕಾಲು ಭಾಗದಷ್ಟು ಬಿಳಿಯಿದ್ದರೆ ಸಾದಾ ಶೇಡ್ ಒಂದು ಪಾಲು, ಬರ್ಗಂಡಿ ಮೂರು ಪಾಲು ಸಾಕು. ಬಿಳಿಯೇ ಇಲ್ಲದವರು ಬೆರೆಸುವ ಗೋಜಿಗೆ ಹೋಗಬೇಕಾಗಿಲ್ಲ.

ಬ್ರೌನ್ ಹಚ್ಚಿ ಕೆಲವು ವಾರಗಳಾದ ಮೇಲೆ ಕೂದಲು ಕೆಂಪಗಾಯಿತು ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಡೆವಲಪರ್ ಕೂದಲಿನ ಸಹಜ ಕಪ್ಪನ್ನೂ ಸ್ವಲ್ಪ ತಿಳಿಗೊಳಿಸುತ್ತದೆ, ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಹೊರಬರುತ್ತದೆ. ಹಚ್ಚಿದ ಬಣ್ಣ ತೊಳೆದು ಹೋದಂತೆ ಒಳಗಿನ ಆ ಕೆಂಪು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ಬೂದಿ ಛಾಯೆ. ಬಣ್ಣಗಳ ಚಕ್ರದಲ್ಲಿ ಕೆಂಪಿಗೆ ಎದುರು ಹಸಿರು, ಕಿತ್ತಳೆಗೆ ಎದುರು ನೀಲಿ, ಹಳದಿಗೆ ಎದುರು ನೇರಳೆ ಇರುತ್ತವೆ. ಬೂದಿ ಛಾಯೆಗಳಲ್ಲಿ ಕಂಪನಿಗೆ ತಕ್ಕಂತೆ ನೀಲಿ ಅಥವಾ ಹಸಿರಿನ ಅಂಶವಿರುವುದರಿಂದ ಅವು ಈ ಕೆಂಪನ್ನು ಅಡಗಿಸುತ್ತವೆ. 4ಕ್ಕೆ ಕಾಲು ಪಾಲು 4.1 ಸೇರಿಸಿದರೆ ಸಾಕಾಗುತ್ತದೆ. ಬೂದಿಯನ್ನೇ ಪ್ರಧಾನವಾಗಿಸಿದರೆ ಬಿಳಿ ಎಳೆಗಳು ಮಂಕಾಗಿ, ಕೆಲವೊಮ್ಮೆ ಹಸಿರು ತೋರುವ ಬೂದುಬಣ್ಣಕ್ಕೆ ಹೋಗುತ್ತವೆ.

ಪಾರ್ಲರ್ ಟ್ಯೂಬ್‌ಗಳು

ಸೌಂದರ್ಯ ಸಾಮಗ್ರಿಗಳ ಸಗಟು ಅಂಗಡಿಗಳಲ್ಲಿ ವೃತ್ತಿಪರ ಟ್ಯೂಬ್‌ಗಳು ಸಾಮಾನ್ಯರಿಗೂ ಸಿಗುತ್ತವೆ. ಶೇಡ್‌ಗಳ ಆಯ್ಕೆ ಅಲ್ಲಿ ಹಲವು ಪಟ್ಟು ಹೆಚ್ಚು, ಬರೀ ನೀಲಿ ಅಥವಾ ಬರೀ ಕೆಂಪಿನ ತಿದ್ದುಪಡಿ ಟ್ಯೂಬ್‌ಗಳೂ ಇರುತ್ತವೆ, ಮತ್ತು ಡೆವಲಪರ್ ಬಲವನ್ನು ನಾವೇ ಆರಿಸಿಕೊಳ್ಳಬಹುದು. ಅನುಕೂಲವೂ ಅಪಾಯವೂ ಈ ಕೊನೆಯ ಅಂಶದಲ್ಲೇ ಇದೆ. 10 ವಾಲ್ಯೂಮ್ ಎಂದರೆ ಶೇಕಡಾ 3ರ ಹೈಡ್ರೋಜನ್ ಪರಾಕ್ಸೈಡ್. ಒಂದು ಲೀಟರ್ ದ್ರಾವಣ ಹತ್ತು ಲೀಟರ್ ಆಮ್ಲಜನಕವನ್ನು ಬಿಡುತ್ತದೆ ಎಂಬುದು ಆ ಹೆಸರಿನ ಲೆಕ್ಕ. 20 ವಾಲ್ಯೂಮ್ ಶೇಕಡಾ 6, 30 ಎಂದರೆ 9, 40 ಎಂದರೆ 12. ಗಾಢ ಮಾಡಲು ಅಥವಾ ಛಾಯೆಯನ್ನಷ್ಟೇ ತಾಜಾ ಮಾಡಲು 10 ಸಾಕು. ಬಿಳಿ ಕೂದಲನ್ನು ಮುಚ್ಚಲು ಮತ್ತು ಒಂದೆರಡು ಹಂತ ತಿಳಿ ಮಾಡಲು 20 ಬೇಕು. ಮನೆಯಲ್ಲಿ 20ನ್ನು ದಾಟಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬಲ ಹೆಚ್ಚಿಸಿದರೆ ಬಣ್ಣ ಹೆಚ್ಚು ಹಿಡಿಯುತ್ತದೆ ಎಂಬ ನಂಬಿಕೆ ತಪ್ಪು: ಕೂದಲು ಹೆಚ್ಚು ತಿಳಿಯಾಗುತ್ತದೆ, ನೆತ್ತಿ ಉರಿಯುತ್ತದೆ, ಕೆಂಪು ಇನ್ನಷ್ಟು ಹೊರಬರುತ್ತದೆ.

ಕ್ರೀಮಿಗೂ ಡೆವಲಪರ್‌ಗೂ ಇರಬೇಕಾದ ಅನುಪಾತ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವು ಸಮಪಾಲು ಕೇಳುತ್ತವೆ, ಕೆಲವು ಒಂದಕ್ಕೆ ಒಂದೂವರೆ, ಇನ್ನು ಕೆಲವು ಒಂದಕ್ಕೆ ಎರಡು. ಕ್ರೀಮ್‌ಗಳನ್ನು ಮೊದಲು ತಮ್ಮತಮ್ಮಲ್ಲೇ ಪೂರ್ತಿ ಬೆರೆಸಿ, ಅವುಗಳ ಒಟ್ಟು ತೂಕಕ್ಕೆ ಡೆವಲಪರ್ ಲೆಕ್ಕ ಹಾಕಬೇಕು. ತಿದ್ದುಪಡಿ ಟ್ಯೂಬ್‌ಗಳನ್ನು ಗ್ರಾಂ ಲೆಕ್ಕದಲ್ಲಿ ಹಾಕಬೇಕಾದ್ದರಿಂದ ತೂಕದ ಯಂತ್ರ ಇಲ್ಲದೆ ಈ ದಾರಿಗೆ ಇಳಿಯಬಾರದು. ಪೊಟ್ಟಣಗಳ ಮಿಶ್ರಣದಲ್ಲಿ ಕೆಲವು ಸಲ ಕೈ ಪಳಗಿದ ಮೇಲೂ ಬೇಕಾದ ಛಾಯೆ ಸಿಗುತ್ತಿಲ್ಲವೆಂದಾದರೆ ಮಾತ್ರ ಟ್ಯೂಬ್‌ಗಳ ಮಾತು.

ಮೆಹಂದಿ ಮತ್ತು ನೀಲಿ

ಕೆಂಪು ಕಂದು ಬಣ್ಣ ಇಷ್ಟವಿರುವವರಿಗೆ, ಹಾಗೆಯೇ ರಾಸಾಯನಿಕ ಬಣ್ಣ ಒಗ್ಗದವರಿಗೆ, ಇದು ನಿಜವಾದ ಪರ್ಯಾಯ. ಮೆಹಂದಿ ಎಲೆಯಲ್ಲಿರುವ ಲಾಸೋನ್ ಎಂಬ ದ್ರವ್ಯ ಕೂದಲಿನ ಪ್ರೋಟೀನಿಗೆ ಅಂಟಿಕೊಂಡು ಬಿಳಿ ಎಳೆಯನ್ನು ಕಿತ್ತಳೆಗೆಂಪು ಮಾಡುತ್ತದೆ. ನೀಲಿ ಗಿಡದ ಎಲೆ ಅದರ ಮೇಲೆ ನೀಲಿಯನ್ನು ಕೂಡಿಸಿ ಕಂದಿಗೆ ತರುತ್ತದೆ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಅಂಗಡಿಗಳಲ್ಲಿ ಆ ಹೆಸರಿನ ಪುಡಿ ಸುಲಭವಾಗಿ ದೊರೆಯುತ್ತದೆ. ನೀಲಿ ಪುಡಿಯನ್ನು ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿದರೆ ಇಂಡಿಗೊ ಪುಡಿ ಎಂಬ ಹೆಸರಿನಲ್ಲಿ ಕೊಡುತ್ತಾರೆ. ಹಸಿರು ಬಣ್ಣದ, ಬಟಾಣಿಯಂಥ ವಾಸನೆಯ ಪುಡಿ ಅದು.

ಇಲ್ಲಿ ಪಾಲುಗಳನ್ನು ಒಣ ಪುಡಿಯ ತೂಕದಲ್ಲಿ ಲೆಕ್ಕ ಹಾಕಬೇಕು. ಮೆಹಂದಿ ಎರಡು ಪಾಲು, ನೀಲಿ ಒಂದು ಪಾಲು ಆದರೆ ಬಿಳಿ ಕೂದಲು ಕೆಂಗಂದು ಬಣ್ಣಕ್ಕೆ ಬರುತ್ತದೆ. ಸಮಪಾಲು ಆದರೆ ಕಂದು. ಮೆಹಂದಿ ಒಂದು, ನೀಲಿ ಎರಡು ಆದರೆ ಗಾಢ ಕಂದು. ಕಪ್ಪು ಬೇಕಿದ್ದರೆ ಬೆರೆಸಿ ಪ್ರಯೋಜನವಿಲ್ಲ: ಮೊದಲು ಬರೀ ಮೆಹಂದಿ ಹಚ್ಚಿ ತೊಳೆದು, ಆಮೇಲೆ ಬರೀ ನೀಲಿಯನ್ನು ಹಚ್ಚಬೇಕು. ಬಿಳಿಯ ಮೇಲೆ ನೇರವಾಗಿ ಬರೀ ನೀಲಿ ಹಚ್ಚಿದರೆ ನೀಲಿ ಹಸಿರಿನ ಬೂದು ಬರುತ್ತದೆ. ಎರಡು ಪುಡಿಗಳನ್ನೂ ನೆನೆಸುವ ಕ್ರಮ ಬೇರೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಮೆಹಂದಿಗೆ ಹುಳಿ ಬೇಕು, ಹೊತ್ತೂ ಬೇಕು. ನಿಂಬೆರಸ ಅಥವಾ ಚಹಾದ ಡಿಕಾಕ್ಷನ್‌ನಲ್ಲಿ ಕಲಸಿ ರಾತ್ರಿಯಿಡೀ ಬಿಡಬಹುದು. ನೀಲಿಗೆ ಹುಳಿ ಸೋಕಬಾರದು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ 10–15 ನಿಮಿಷ ಬಿಟ್ಟು ಕೂಡಲೇ ಬಳಸಬೇಕು, ತಡವಾದರೆ ಅದರ ಶಕ್ತಿ ಹೋಗುತ್ತದೆ. ಆದ್ದರಿಂದ ಎರಡನ್ನೂ ಕೂಡಿಸುವುದು ಹಚ್ಚುವ ಹೊತ್ತಿಗೇ, ಮತ್ತು ಬೆರೆಸುವ ಉದ್ದೇಶವಿದ್ದರೆ ಮೆಹಂದಿಯಲ್ಲಿ ನಿಂಬೆಯನ್ನು ಮಿತವಾಗಿ ಹಾಕುವುದು ಒಳ್ಳೆಯದು. ತಲೆಯ ಮೇಲೆ ಎರಡು ಮೂರು ಗಂಟೆ ಇರಬೇಕು. ತೊಳೆದ ದಿನ ಹಸಿರಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ, ಎರಡು ಮೂರು ದಿನಗಳಲ್ಲಿ ಗಾಳಿಗೆ ಬಣ್ಣ ಗಾಢವಾಗುತ್ತದೆ; ಅಷ್ಟು ದಿನ ಶಾಂಪೂವನ್ನೂ ಸೀಗೆಕಾಯಿಯನ್ನೂ ದೂರವಿಡಬೇಕು.

ಈ ದಾರಿಯ ಮಿತಿಗಳೂ ಗಟ್ಟಿಯಾದವು. ಕೂದಲು ಒಂದಿಷ್ಟೂ ತಿಳಿಯಾಗುವುದಿಲ್ಲ. ಬೂದಿ ಛಾಯೆ ಕನಸಿನ ಮಾತು. ಮೆಹಂದಿಗಿಂತ ನೀಲಿ ಬೇಗ ಮಾಸುವುದರಿಂದ ಕಂದು ಕ್ರಮೇಣ ಕೆಂಪಿಗೆ ತಿರುಗುತ್ತದೆ. ಅರ್ಧ ದಿನ ಬೇಕಾಗುತ್ತದೆ. ನೀಲಿ ಹಚ್ಚಿದ ಕೂದಲನ್ನು ಮುಂದೆ ಬ್ಲೀಚ್ ಮಾಡಿಸಿದರೆ ಹಸಿರಾಗುವ ಸಂಭವವಿದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ, ಅದರಲ್ಲೂ ಮಕ್ಕಳಿಗೆ, ಮೆಹಂದಿಯಿಂದ ರಕ್ತಕಣಗಳು ಒಡೆಯಬಹುದಾದ್ದರಿಂದ ಅವರು ಅದನ್ನು ಮುಟ್ಟಬಾರದು. ಇನ್ನು ಮೆಹಂದಿಯನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಸಿಡುವ ಪದ್ಧತಿ. ನೆಲ್ಲಿಕಾಯಿ ಅಥವಾ ಚಹಾದ ಒಗರು ಕಬ್ಬಿಣದೊಂದಿಗೆ ಸೇರಿ ಕಪ್ಪು ಸಂಯುಕ್ತವಾಗುವುದು ನಿಜ, ಮೆಹಂದಿಯ ಕೆಂಪನ್ನು ಅದು ಸ್ವಲ್ಪ ತಗ್ಗಿಸುತ್ತದೆ. ಆದರೆ ಕೂದಲಿನಲ್ಲಿ ಲೋಹದ ಅಂಶ ಉಳಿದಿರುವಾಗ ಪರಾಕ್ಸೈಡ್ ಇರುವ ಕ್ರೀಮ್ ಹಚ್ಚಿದರೆ ಪರಾಕ್ಸೈಡ್ ತೀವ್ರವಾಗಿ ವಿಭಜನೆಯಾಗಿ ಬಿಸಿಯೇರಬಹುದು, ಕೂದಲು ಹಾಳಾಗಬಹುದು. ಮೆಹಂದಿಯಿಂದ ಕ್ರೀಮಿಗೆ ಬದಲಾಗುವವರು ಬಾಚಣಿಗೆಯಲ್ಲಿ ಉಳಿದ ಕೂದಲಿನ ಸಣ್ಣ ಉಂಡೆಯನ್ನು ಬೆರೆಸಿದ ಕ್ರೀಮಿನಲ್ಲಿ ಅರ್ಧ ಗಂಟೆ ಇಟ್ಟು, ಬಿಸಿಯಾಗುತ್ತದೆಯೇ, ನೊರೆ ಬರುತ್ತದೆಯೇ, ಎಳೆ ಹರಿಯುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳನ್ನು ಈ ಗುಂಪಿಗೆ ಸೇರಿಸಬಾರದು. ಅವುಗಳಲ್ಲಿ ಹಲವು, ಪೊಟ್ಟಣದ ಮೇಲೆ ಎಲೆಯ ಚಿತ್ರವಿದ್ದರೂ, ಪ್ಯಾರಾ ಫಿನಿಲೀನ್ ಡೈಅಮೀನ್, ಅಂದರೆ ಪಿಪಿಡಿ ಇರುವ ರಾಸಾಯನಿಕ ಬಣ್ಣಗಳೇ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಗೊತ್ತಾಗುತ್ತದೆ.

ನಾಲ್ಕನೆಯ ದಾರಿಯಾದ, ನೀಲಿ, ಗುಲಾಬಿ, ಹಸಿರಿನಂಥ ತಾತ್ಕಾಲಿಕ ಬಣ್ಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವುಗಳಿಗೆ ಡೆವಲಪರ್ ಹಾಕಬಾರದು, ಬಟ್ಟಲಲ್ಲಿ ಕಂಡ ಬಣ್ಣವೇ ಹೆಚ್ಚುಕಡಿಮೆ ತಲೆಗೂ ಬರುವುದರಿಂದ ಬೆರೆಸುವುದು ಅತ್ಯಂತ ಸುಲಭ, ಬಿಳಿ ಕಂಡೀಷನರ್ ಸೇರಿಸಿದಷ್ಟೂ ತೆಳುವಾಗುತ್ತದೆ. ಆದರೆ ಬ್ಲೀಚ್ ಮಾಡದ ಕಪ್ಪು ಕೂದಲಿನ ಮೇಲೆ ಅವು ಕಾಣುವುದಿಲ್ಲ.

ಬೆರೆಸುವ ಮೊದಲು, ಬೆರೆಸಿದ ಮೇಲೆ

ಪಿಪಿಡಿ ಕೆಲವರಿಗೆ ತೀವ್ರವಾದ ಅಲರ್ಜಿಯನ್ನು ತರುತ್ತದೆ. ಗಾಢ ಶೇಡ್‌ಗಳಲ್ಲಿ ಅದರ ಪ್ರಮಾಣ ಹೆಚ್ಚು. ಯುರೋಪಿನ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಹೊತ್ತಿನ ಮಿಶ್ರಣದಲ್ಲಿ ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮವಿದೆ. ಎರಡು ಶೇಡ್ ಬೆರೆಸುವಾಗ ಪರೀಕ್ಷೆಯನ್ನೂ ಎರಡರ ಮಿಶ್ರಣದಿಂದಲೇ ಮಾಡಬೇಕು: ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಯಲ್ಲಿ ಚುಕ್ಕೆಯಷ್ಟು ಹಚ್ಚಿ, ಕಂಪನಿ ಹೇಳಿದ ರೀತಿಯಲ್ಲಿ, ಸಾಮಾನ್ಯವಾಗಿ 48 ಗಂಟೆ ಕಾಯಬೇಕು. ಹಿಂದೆ ಒಗ್ಗಿತ್ತು ಎಂಬುದು ಈ ಸಲಕ್ಕೆ ಖಾತರಿಯಲ್ಲ. ಮದುವೆ ಮನೆಯಲ್ಲಿ ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿಯಿಂದ ಬೊಬ್ಬೆ ಎದ್ದ ಅನುಭವ ಇರುವವರು ಚರ್ಮರೋಗ ತಜ್ಞರನ್ನು ಕೇಳದೆ ಯಾವ ಕ್ರೀಮ್ ಬಣ್ಣವನ್ನೂ ಮುಟ್ಟಬಾರದು. ಹುಬ್ಬಿಗೂ ರೆಪ್ಪೆಗೂ ಹಚ್ಚಿದರೆ ಕಣ್ಣು ಹೋಗಬಹುದೆಂಬ ಎಚ್ಚರಿಕೆ ಪೊಟ್ಟಣದ ಮೇಲೆ ಸುಮ್ಮನೆ ಇರುವುದಲ್ಲ.

ಕ್ರೀಮ್ ಬಣ್ಣಕ್ಕೆ ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲೇ ಬೇಕು. ಸ್ಟೀಲಿನ ಬಟ್ಟಲು, ಚಮಚಗಳು ಅಡುಗೆಮನೆಯಲ್ಲೇ ಇರಲಿ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಬಿಟ್ಟರೆ ಬಣ್ಣ ಸಮನಾಗಿ ಹಿಡಿಯುತ್ತದೆ. ಬೆರೆಸಿದ ಕ್ಷಣದಿಂದ ರಾಸಾಯನಿಕ ಕ್ರಿಯೆ ಶುರುವಾಗುವುದರಿಂದ ಉಳಿದದ್ದನ್ನು ನಾಳೆಗೆಂದು ಮುಚ್ಚಿಡುವಂತಿಲ್ಲ: ಬಣ್ಣ ಕೆಲಸಕ್ಕೆ ಬಾರದು, ಒಳಗೆ ಅನಿಲ ತುಂಬಿ ಮುಚ್ಚಿದ ಬಾಟಲಿ ಸಿಡಿಯಲೂಬಹುದು. ಒಂದೇ ಬಟ್ಟಲಲ್ಲಿ ಇಡೀ ತಲೆಗೆ ಸಾಕಾಗುವಷ್ಟನ್ನು ಒಮ್ಮೆಲೇ ಬೆರೆಸಬೇಕು. ಅರ್ಧದಲ್ಲಿ ಮುಗಿದು ಮತ್ತೆ ಅಂದಾಜಿನಲ್ಲಿ ಕಲಸಿದರೆ ಎಡ ಬಲ ಬೇರೆಯಾಗುತ್ತವೆ. ಹಣೆಯಂಚಿನ ಬಿಳಿ ಎಳೆಗಳು ಬಣ್ಣಕ್ಕೆ ಹಟ ಮಾಡುವುದರಿಂದ ಅಲ್ಲಿಂದಲೇ ಆರಂಭಿಸಿ, ಹಚ್ಚಿ ಮುಗಿದ ಮೇಲೆ ಪೊಟ್ಟಣದಲ್ಲಿ ಹೇಳಿರುವ ಹೊತ್ತು ಪೂರ್ತಿ ಬಿಡಬೇಕು.

ಪಾಲುಗಳನ್ನೂ ಶೇಡ್ ಸಂಖ್ಯೆಗಳನ್ನೂ ಇಟ್ಟ ನಿಮಿಷಗಳನ್ನೂ ಒಂದೆಡೆ ಬರೆದಿಟ್ಟುಕೊಂಡರೆ ಮುಂದಿನ ಸಲ ಅದೇ ಬಣ್ಣ ಬರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಆರು ವಾರಗಳ ನಂತರ ಮತ್ತೆ ಹಚ್ಚುವಾಗ ಬೆಳೆದ ಆ ಬುಡಕ್ಕೆ ಮಾತ್ರ ಹಚ್ಚಬೇಕು. ಪ್ರತಿ ಸಲವೂ ತುದಿಯವರೆಗೆ ಎಳೆದರೆ ಬಣ್ಣ ಪದರಪದರವಾಗಿ ಕೂತು, 3 ಮತ್ತು 4ರ ಮಿಶ್ರಣವೂ ತುದಿಯಲ್ಲಿ ಕಡುಗಪ್ಪಾಗುತ್ತದೆ. ತುದಿ ತೀರಾ ಮಾಸಿದೆ ಎನಿಸಿದರೆ, ತೊಳೆಯುವುದಕ್ಕೆ ಐದು ನಿಮಿಷ ಮುಂಚೆ ಬುಡದ ಕ್ರೀಮನ್ನು ಒದ್ದೆ ಕೈಯಿಂದ ಕೆಳಗೆಳೆದುಕೊಂಡರೆ ಸಾಕು.